ಕ್ಲೇ ಅಂದ್ರೆಲ್ಲಾ ಮಣ್ಣಲ್ಲ ಸ್ವಾಮಿ!

ಕಳೆದ ಗಣೇಶನ ಹಬ್ಬಕ್ಕೆ ನಮ್ಮ ಅಪಾರ್ಟ್‌ಮೆಂಟಲ್ಲಿ 'ಪರಿಸರಸ್ನೇಹಿ ಕ್ಲೇ ಗಣೇಶ' ಅಂತ ಕಾರ್ಯಾಗಾರ ಇಟ್ಟಿದ್ರು. ದುಡ್ಡು ಕಟ್ಟಿದ ಮಕ್ಕಳಿಗೆಲ್ಲ ಪ್ಲಾಸ್ಟಿಕ್ ಹಾಳೇಲಿ ಸುತ್ತಿದ ಒಂದೊಂದು ಕಂದು ಮುದ್ದೆ. ನಮ್ಮಕ್ಕನ ಮಗಳೂ ಒಂದು ಗಣಪನ್ನ ಮಾಡಿದ್ಲು. ಸೊಂಡಿಲು ಸ್ವಲ್ಪ ಆಂಜನೇಯನ ಬಾಲದ ಥರ ಆಗಿತ್ತು, ಇರಲಿ ಬಿಡಿ :)

ಹಬ್ಬದ ಸಂಜೆ ಬಕೆಟ್ಟಲ್ಲಿ ವಿಸರ್ಜನೆ ಆಯ್ತು. ಬೆಳಿಗ್ಗೆ ನೋಡಿದ್ರೆ ಗಣಪ ಹಾಗೇ ಕೂತಿದ್ದಾನೆ. ಮೂರನೇ ದಿನವೂ ಕೂತಿದ್ದಾನೆ. ವಾರ ಕಳೆದ್ರೂ ಒಂದು ಕಿವಿ ಕರಗಿಲ್ಲ. "ಮಾಮಾ, ಗಣಪಂಗೆ ಅಮ್ಮನ ಮನೆಗೆ ಹೋಗಕ್ಕೆ ಇಷ್ಟ ಇಲ್ವಾ?" ಅಂತ ಕೇಳಿದ್ಲು. ಏನು ಹೇಳೋದು?

ಎತ್ತಿ ಮುಟ್ಟಿ ನೋಡಿದೆ. ಕೈಗೆಲ್ಲ ಜಿಡ್ಡು. ಅದು ಮಣ್ಣೇ ಅಲ್ಲ, ಎಣ್ಣೆ ಕ್ಲೇ! ನಡೆಸಿದವರನ್ನ ಕೇಳಿದ್ರೆ, "ಸರ್, ಎಲ್ಲಾ ಕ್ಲೇನೂ ಒಂದೇ ಅಲ್ವಾ? ಪಿಒಪಿ ಅಂತೂ ಅಲ್ಲವಲ್ಲ!" ಅಂದ್ರು. ಈ ಮಾತಿಗೇ ನನ್ನ ತಕರಾರು.

ಒಂದೇ ಅಲ್ಲ ಸ್ವಾಮಿ. ಕ್ಲೇ ಅನ್ನೋ ಒಂದು ಹೆಸರಿನಡಿ ಕನಿಷ್ಠ ಮೂರು ಬೇರೆ ಬೇರೆ ವಸ್ತುಗಳಿವೆ. ಒಂದು, ನೀರು ಬೆರೆತ ಜೇಡಿಮಣ್ಣು. ಎರಡು, ಪ್ಲಾಸ್ಟಿಸಿನ್ ಜಾತಿಯ ಎಣ್ಣೆ ಕ್ಲೇ. ಮೂರು, ಪಾಲಿಮರ್ ಕ್ಲೇ. ಇದು ಪಿವಿಸಿ, ಅಂದ್ರೆ ಅಪ್ಪಟ ಪ್ಲಾಸ್ಟಿಕ್ಕು, ಸುಮಾರು 130 ಡಿಗ್ರಿ ಸೆಲ್ಸಿಯಸ್ಸಲ್ಲಿ ಬೇಯಿಸಿದ್ರೆ ಗಟ್ಟಿಯಾಗುತ್ತೆ. ಇಂಗ್ಲೆಂಡಿನ ಬಾತ್ ಊರಿನ ಕಲಾ ಶಿಕ್ಷಕ ವಿಲಿಯಂ ಹಾರ್ಬಟ್ 1897ರಲ್ಲಿ ಪ್ಲಾಸ್ಟಿಸಿನ್ ಮಾಡಿದ್ದೇ ವಿದ್ಯಾರ್ಥಿಗಳಿಗೆ ಒಣಗದ ಮಣ್ಣು ಬೇಕು ಅಂತ. ಸುಣ್ಣದ ಪುಡಿ, ಪೆಟ್ರೋಲಿಯಂ ಜೆಲ್ಲಿ, ಸ್ಟಿಯರಿಕ್ ಆಮ್ಲ ಇಂಥವುಗಳ ಮುದ್ದೆ ಅದು. ಒಣಗದೇ ಇರೋದು, ನೀರಿಗೆ ಜಗ್ಗದೇ ಇರೋದೇ ಅದರ ಗುಣ. ಅದನ್ನೇ ತಂದು 'ನೀರಲ್ಲಿ ಕರಗುತ್ತೆ' ಅಂತ ಮಾರೋದಾ?

'ಪಿಒಪಿ ಅಲ್ಲವಲ್ಲ' ಅನ್ನೋ ಸಮಾಧಾನವೂ ಪೊಳ್ಳು. ಪಿಒಪಿ ಯಾಕೆ ಬೇಡ? ಗಟ್ಟಿಯಾದ ಮೇಲೆ ಅದು ಜಿಪ್ಸಮ್. ಲೀಟರ್ ನೀರಲ್ಲಿ ಕರಗೋದು ಎರಡು-ಎರಡೂವರೆ ಗ್ರಾಂ ಅಷ್ಟೆ. ಒಂದು ಕೇಜಿ ಗಣಪನಿಗೆ 400 ಲೀಟರಿಗಿಂತ ಹೆಚ್ಚು ನೀರು ಬೇಕು, ಅದೂ ನಿಧಾನಕ್ಕೆ. ಎಣ್ಣೆ ಕ್ಲೇ ಗಣಪನಿಗೆ ಇಡೀ ಕೆರೆ ಕೊಟ್ರೂ ಅಷ್ಟೆ! ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2020ರ ಮಾರ್ಗಸೂಚಿ ಪಿಒಪಿ ಒಂದನ್ನೇ ಅಲ್ಲ, ಪ್ಲಾಸ್ಟಿಕ್, ಥರ್ಮೋಕೋಲನ್ನೂ ಬೇಡ ಅನ್ನುತ್ತೆ. ಸಾಂಪ್ರದಾಯಿಕ ಮಣ್ಣಿನಂಥ ನೈಸರ್ಗಿಕ ವಸ್ತು ಬಳಸಿ ಅನ್ನುತ್ತೆ.

"ಮಣ್ಣು ಬೇಗ ಗಟ್ಟಿಯಾಗುತ್ತೆ, ಬಿರುಕು ಬಿಡುತ್ತೆ, ಮಕ್ಕಳಿಗೆ ಕಷ್ಟ" ಅಂತ ಇನ್ನೊಂದು ವಾದ. ಮೆತ್ತಗೆ ಮಾಡಕ್ಕೆ ಬರದೇ ಇದ್ರೆ ಅದು ಮಣ್ಣಿನ ತಪ್ಪಾ? ಗಟ್ಟಿಯಾದ ಮಣ್ಣನ್ನ ಅರೆಬರೆ ಒದ್ದೆ ಇರುವಾಗ ನೀರಿಗೆ ಹಾಕಬೇಡಿ. ಪೂರ್ತಿ ಒಣಗಿಸಿ, ಕುಟ್ಟಿ, ಆಮೇಲೆ ನೆನೆಹಾಕಿ. ಒಣಗಿದ ಮಣ್ಣೇ ಬೇಗ ನೀರು ಕುಡಿದು ತಾನಾಗೇ ಕುಸಿಯುತ್ತೆ. ಮೇಲಿನ ನೀರು ಬಸಿದು, ಬಟ್ಟೆ ಮೇಲೆ ಹರಡಿ, ಚಪಾತಿ ಹಿಟ್ಟಿನ ಹದಕ್ಕೆ ನಾದಿದ್ರೆ ಆಯ್ತು. ಕೆಲಸ ನಿಲ್ಲಿಸಿದಾಗ ಒದ್ದೆ ಬಟ್ಟೆ ಮುಚ್ಚಿ. ಮೂರ್ತಿಯನ್ನ ನೆರಳಲ್ಲಿ ನಿಧಾನಕ್ಕೆ ಒಣಗಿಸಿದ್ರೆ ಬಿರುಕೂ ಕಡಿಮೆ.

ಹಾಗಂತ ಎಣ್ಣೆ ಕ್ಲೇ ಮೇಲೆ ನನಗೇನೂ ದ್ವೇಷ ಇಲ್ಲ. ತಿಂಗಳುಗಟ್ಟಲೆ ತಿದ್ದೋ ಶಿಲ್ಪಕ್ಕೆ, ಅಚ್ಚು ತೆಗೆಯೋ ಮೂಲಮೂರ್ತಿಗೆ ಅದೇ ಸರಿ. ಅದನ್ನ ಮೆತ್ತಗೆ ಮಾಡಕ್ಕೆ ನೀರು ಸುರಿದು ಪ್ರಯೋಜನ ಇಲ್ಲ, ಬಿಸಿ ಬೇಕು. ತೆಳ್ಳಗೆ ಹೆಚ್ಚಿ ಬಿಸಿಲಿಗಿಡಿ, ಇಲ್ಲಾ ಚೀಲದಲ್ಲಿ ಕಟ್ಟಿ ಬಿಸಿನೀರಲ್ಲಿಡಿ. ಒಲೆ ಮೇಲೆ ನೇರ ಕಾಯಿಸಬೇಡಿ, ಕರಗಿದ್ದು ಚರ್ಮಕ್ಕೆ ಅಂಟಿದ್ರೆ ಸುಡುತ್ತೆ. ಕೊಬ್ಬರಿ ಎಣ್ಣೆ ಸುರಿಯೋರೂ ಇದ್ದಾರೆ. ಮೆತ್ತಗೇನೋ ಆಗುತ್ತೆ, ಆದ್ರೆ ಜಿಡ್ಡಾಗಿ ಸಣ್ಣ ಗೆರೆ ನಿಲ್ಲಲ್ಲ.

ಅಚ್ಚಿನಲ್ಲೂ ಇದೇ ಕಥೆ. ಕೆಲವು ಎಣ್ಣೆ ಕ್ಲೇಗಳಲ್ಲಿ ಗಂಧಕ ಇರುತ್ತೆ. ಅದರ ಮೇಲೆ ಪ್ಲಾಟಿನಂ ಬಗೆಯ ಸಿಲಿಕೋನ್ ಸುರಿದ್ರೆ, ತಾಗಿದ ಕಡೆ ಗಟ್ಟಿಯಾಗದೇ ಅಂಟಂಟಾಗಿ ಉಳಿಯುತ್ತೆ. ದುಬಾರಿ ಸಿಲಿಕೋನೂ ಹೋಯ್ತು, ಶಿಲ್ಪವೂ ಹೋಯ್ತು. ಗಂಧಕ ಇಲ್ಲದ್ದು ಅಂತ ಕೇಳಿ ತರಬೇಕು, ಮೊದಲು ಒಂದು ಚೂರಿನ ಮೇಲೆ ಪರೀಕ್ಷೆ ಮಾಡಬೇಕು. ಪ್ಲಾಸ್ಟರ್ ಅಚ್ಚಿಗೆ ಒತ್ತೋದಾದ್ರೆ ಮಣ್ಣೇ ವಾಸಿ: ಪ್ಲಾಸ್ಟರ್ ನೀರು ಹೀರುತ್ತೆ, ಮಣ್ಣು ಕುಗ್ಗಿ ತಾನೇ ಬಿಟ್ಟುಕೊಳ್ಳುತ್ತೆ.

ಅಂದ್ರೆ ಕೊನೆಗೆ ಆ ವಸ್ತು ಏನಾಗಬೇಕು ಅನ್ನೋದನ್ನ ಮೊದಲು ಕೇಳ್ಕೊಳ್ಳಿ. ಉಳಿಯಬೇಕಾ, ಅಚ್ಚಾಗಬೇಕಾ, ಕರಗಬೇಕಾ? ಆಮೇಲೆ ಕ್ಲೇ ಆರಿಸಿ. ಕಾಗದದ ಮೇಲೆ 'ಪರಿಸರಸ್ನೇಹಿ' ಅಂತ ಮುದ್ರಿಸಿದ ಮಾತ್ರಕ್ಕೆ ಮುದ್ದೆ ತನ್ನ ಗುಣ ಬಿಡಲ್ಲ.

ಬ್ಲಾಗು ಬರೆಯೋ ಗೆಳೆಯರಲ್ಲಿ ಒಂದೇ ಬೇಡಿಕೆ: ಮುಂದಿನ ಹಬ್ಬಕ್ಕೆ 'ನಾವೂ ಕ್ಲೇ ಗಣೇಶ ಮಾಡಿದ್ವಿ' ಅಂತ ಫೋಟೋ ಹಾಕೋ ಮುಂಚೆ, ಗೋಲಿಯಷ್ಟು ಮುದ್ದೆ ಒಣಗಿಸಿ ಲೋಟದ ನೀರಿಗೆ ಹಾಕಿ ನೋಡಿ. ಮಣ್ಣಾದ್ರೆ ಕಾಫಿ ಕುಡಿದು ಬರೋಷ್ಟರಲ್ಲಿ ಕುಸಿಯಕ್ಕೆ ಶುರುವಾಗಿರುತ್ತೆ. ಇಲ್ಲಾಂದ್ರೆ ಕೊಟ್ಟೋರಿಗೇ ವಾಪಸ್ ಕೊಡಿ.

ಕೊನೆಕೊಸರು: ಆ ಗಣಪ ಈಗ ನಮ್ಮ ಶೋಕೇಸಲ್ಲಿದ್ದಾನೆ. ಬೇರೆ ಜೇಡಿಮಣ್ಣು ತಂದು ಇಬ್ಬರೂ ಕೂತು ಇನ್ನೊಂದು ಮಾಡಿದ್ವಿ. ಅವನು ಕರಗಿದ ನೀರನ್ನ ದಾಸವಾಳದ ಕುಂಡಕ್ಕೆ ಹಾಕಿದ್ವಿ. "ಈಗ ಹೋದ" ಅಂತ ಕೈ ಬೀಸಿದ್ಲು ಪುಟ್ಟಿ.