ವಿಮಾನ ನಿಲ್ದಾಣ ಇನ್ನೂ ಹಿಗ್ಗಬೇಕೆ? ಮನೆಯ ಹಿರಿಯರ ಪರವಾಗಿ ಒಂದು ಮಾತು

ಬೇಸಿಗೆ ಬಂತೆಂದರೆ ಮಜ್ಜಿಗೆ, ಓಆರ್‌ಎಸ್, ಎಳನೀರು ಎಂದು ಹೇಳುತ್ತಲೇ ಇರುತ್ತೇವೆ. ಈ ಸೆಕೆ ವರ್ಷವರ್ಷಕ್ಕೆ ಏರುವುದಕ್ಕೆ ಇರುವ ಕಾರಣಗಳಲ್ಲಿ ಒಂದರ ಬಗ್ಗೆ ಇವತ್ತು ಬರೆಯುತ್ತಿದ್ದೇನೆ. ಕೆಲವರಿಗೆ ಇಷ್ಟವಾಗಲಿಕ್ಕಿಲ್ಲ.

2008ರ ಮಾರ್ಚ್‌ನಲ್ಲಿ ಶುರುವಾದಾಗ ಶಂಶಾಬಾದ್ ವಿಮಾನ ನಿಲ್ದಾಣದ ಸಾಮರ್ಥ್ಯ ವರ್ಷಕ್ಕೆ 1.2 ಕೋಟಿ ಪ್ರಯಾಣಿಕರು. ಟರ್ಮಿನಲ್ ಹಿಗ್ಗಿಸಿ ಅದನ್ನು 3.4 ಕೋಟಿಗೆ ಏರಿಸಿದ್ದಾರೆ. 2023-24ರಲ್ಲಿ ಬಂದುಹೋದವರು ಸುಮಾರು 2.5 ಕೋಟಿ. ಆದರೂ ಮುಂದಿನ ಹಂತ ಬೇಕೆಂಬ ಮಾತು ಎದ್ದಿದೆ. ಬೇಡ ಎನ್ನುವುದು ನನ್ನ ಅಭಿಪ್ರಾಯ.

ಒಂದು ಕೆಜಿ ವಿಮಾನ ಇಂಧನ ಉರಿದರೆ ಮೂರು ಕೆಜಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ನಿಲ್ದಾಣಗಳು ‘ಕಾರ್ಬನ್ ನ್ಯೂಟ್ರಲ್’ ಪ್ರಮಾಣಪತ್ರ ತೋರಿಸುತ್ತವಲ್ಲ, ಅದು ಮುಖ್ಯವಾಗಿ ಟರ್ಮಿನಲ್‌ನ ಕರೆಂಟು, ನೆಲದ ಮೇಲಿನ ಗಾಡಿಗಳ ಲೆಕ್ಕ. ಆಕಾಶದಲ್ಲಿ ಸುಡುವ ಇಂಧನ ಅದರಲ್ಲಿ ಬರುವುದಿಲ್ಲ. ಉಪ್ಪು ಬಿಟ್ಟೆ ಎಂದು ಹೇಳಿ ಉಪ್ಪಿನಕಾಯಿ ತಿಂದ ಹಾಗೆ.

ಇದು ಆರೋಗ್ಯದ ಲೇಖನ ಹೇಗಾಯಿತು ಅನ್ನುತ್ತೀರಾ? ಹಗಲಿನ ಬಿಸಿಲಿಗಿಂತ ತಣಿಯದ ರಾತ್ರಿ ವಯಸ್ಸಾದವರಿಗೆ ಹೆಚ್ಚು ಕಷ್ಟ. ದೇಹ ಸುಧಾರಿಸಿಕೊಳ್ಳುವ ಹೊತ್ತೇ ಸಿಗುವುದಿಲ್ಲ. ಹೃದಯದ ತೊಂದರೆ, ಕಿಡ್ನಿ ತೊಂದರೆ ಇದ್ದವರಿಗಂತೂ ಅಪಾಯ. ಕಲಬುರಗಿ, ಯಾದಗಿರಿ, ರಾಯಚೂರು ಕಡೆಯಿಂದ ಬಂದು ಇಲ್ಲಿ ಕಟ್ಟಡದ ಕೆಲಸ ಮಾಡುವ, ತಗಡಿನ ಶೆಡ್ಡಿನಲ್ಲಿ ಮಲಗುವ ನಮ್ಮ ಜನರನ್ನೂ ನೆನೆಯಿರಿ. ಅವರಲ್ಲಿ ಎಷ್ಟು ಮಂದಿ ವಿಮಾನ ಹತ್ತಿದ್ದಾರೆ? ನಿಲ್ದಾಣದ ಸುತ್ತ ಇರುವವರಿಗೆ ಶಬ್ದದ ಕಾಟ ಬೇರೆ. ರಾತ್ರಿ ವಿಮಾನದ ಶಬ್ದ 40 ಡೆಸಿಬಲ್ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಯುರೋಪಿಗೆ ಶಿಫಾರಸು ಮಾಡಿತ್ತು. ನಿದ್ದೆ ಕೆಟ್ಟರೆ ಬಿಪಿ ಏರುತ್ತದೆ.

ಇನ್ನು ಮಳೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ತೇವ ಹಿಡಿಯುತ್ತದೆ, ಬಿದ್ದಾಗ ಒಮ್ಮೆಲೇ ಸುರಿಯುತ್ತದೆ. 1908ರ ಮೂಸಿ ಪ್ರವಾಹದಲ್ಲಿ ಸಾವಿರಾರು ಜನ ಸತ್ತ ಮೇಲೆ ನಿಜಾಮರು ಕರೆಸಿದ್ದು ನಮ್ಮ ವಿಶ್ವೇಶ್ವರಯ್ಯನವರನ್ನೇ. ಅವರ ಯೋಜನೆಯಿಂದ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಬಂದವು. ಆ ಕೆರೆಗಳಿಗೆ ನೀರು ಹರಿದುಬರುವ 84 ಹಳ್ಳಿಗಳಲ್ಲಿ ದೊಡ್ಡ ಕಟ್ಟಡ ಕಟ್ಟದಂತೆ 1996ರಲ್ಲಿ ಜಿಒ 111 ಬಂತು. ಶಂಶಾಬಾದ್ ಮಂಡಲದ ಹಳ್ಳಿಗಳೂ ಅದರಲ್ಲಿವೆ. 2023ರಲ್ಲಿ ಆಗಿನ ಸಂಪುಟ ಅದನ್ನೇ ರದ್ದು ಮಾಡುವ ತೀರ್ಮಾನ ಮಾಡಿತು. ನಿಲ್ದಾಣ ಬೆಳೆದರೆ ಹೋಟೆಲು, ಗೋದಾಮು, ಲೇಔಟು ಹಿಂದೆಯೇ ಬರುತ್ತವೆ, ನೀರು ಇಂಗುವ ನೆಲ ಕಾಂಕ್ರೀಟಾಗುತ್ತದೆ. 2025ರ ಸೆಪ್ಟೆಂಬರ್ ಕೊನೆಯಲ್ಲಿ ಮೂಸಿ ಎಂಜಿಬಿಎಸ್ ಬಸ್ ನಿಲ್ದಾಣದೊಳಗೇ ನುಗ್ಗಿತಲ್ಲ, ಊರಿನ ಬಸ್ಸಿಗೆ ನಾವು ಕಾಯುವ ಜಾಗ ಅದು. ಅದಕ್ಕೆ ವಿಮಾನವೇ ಕಾರಣ ಎನ್ನುತ್ತಿಲ್ಲ. ಇಂಥ ಮಳೆಯನ್ನು ಹೆಚ್ಚಿಸುವ ಕೆಲಸಕ್ಕೆ ಇನ್ನಷ್ಟು ದುಡ್ಡು ಸುರಿಯಬೇಕೇ ಎಂದಷ್ಟೇ ಕೇಳುತ್ತೇನೆ.

ಅಪ್ಪನಿಗೆ ಎದೆನೋವು ಎಂದು ರಾತ್ರಿ ಬೆಂಗಳೂರಿನಿಂದ ಫೋನ್ ಬಂದಾಗ ನಾನೂ ಮೊದಲ ವಿಮಾನ ಹಿಡಿದವನೇ. ಅಂಥ ಪ್ರಯಾಣಕ್ಕೆ ಈಗಿರುವ ಟರ್ಮಿನಲ್ ಧಾರಾಳ ಸಾಕು. ಆದರೆ ನಾಮಕರಣ, ಗೃಹಪ್ರವೇಶ, ಎರಡು ದಿನದ ರಜೆಗೂ ಅದೇ ಅಭ್ಯಾಸವಾಗಿದೆ. ಹಾರಾಟ ಒಂದು ಗಂಟೆಯದಾದರೂ ಕುಕಟ್‌ಪಲ್ಲಿಯಿಂದ ಶಂಶಾಬಾದ್, ತಪಾಸಣೆ, ದೇವನಹಳ್ಳಿಯಿಂದ ಜಯನಗರ ಎಲ್ಲ ಸೇರಿದರೆ ಅರ್ಧ ದಿನ ಹೋಯಿತು. 2023ರ ಸೆಪ್ಟೆಂಬರ್‌ನಿಂದ ಕಾಚಿಗುಡ–ಯಶವಂತಪುರ ವಂದೇ ಭಾರತ್ ಸುಮಾರು ಎಂಟೂವರೆ ಗಂಟೆಯಲ್ಲಿ ಮುಟ್ಟಿಸುತ್ತದೆ. ರಾತ್ರಿ ರೈಲಾದರೆ ಮಲಗಿಯೇ ಹೋಗಬಹುದು. ಕಷ್ಟ ಎಂದರೆ ಹಬ್ಬದ ಹೊತ್ತಿಗೆ ಟಿಕೆಟ್ ಸಿಗುವುದಿಲ್ಲ. ನಾವು ಒಟ್ಟಾಗಿ ಕೇಳಬೇಕಾದದ್ದು ಅದನ್ನೇ: ಇನ್ನೊಂದು ಟರ್ಮಿನಲ್ ಅಲ್ಲ, ಬೆಂಗಳೂರಿಗೆ ಇನ್ನೆರಡು ರಾತ್ರಿ ರೈಲು. ನಿಮ್ಮ ಕ್ಷೇತ್ರದ ಸಂಸದರಿಗೂ ದಕ್ಷಿಣ ಮಧ್ಯ ರೈಲ್ವೆಗೂ ಒಂದೊಂದು ಪತ್ರ ಹಾಕಿ. ಕನ್ನಡದಲ್ಲೇ ಬರೆದು ಜೊತೆಗೆ ತೆಲುಗು ಪ್ರತಿ ಇಟ್ಟರೂ ಆಗುತ್ತದೆ.

ಮುಂದಿನ ವಾರ: ಬೇಸಿಗೆಯಲ್ಲಿ ಬಿಪಿ ಮಾತ್ರೆ ನುಂಗುವವರು ಗಮನಿಸಬೇಕಾದದ್ದು.