ಪ್ರಾಜೆಕ್ಟ್ ಹುಡುಗರೇ, ಬೈಲಕುಪ್ಪೆಯಲ್ಲಿ ಬಸ್ ಇಳಿಯಿರಿ!

ಇಂಜಿನಿಯರಿಂಗ್ ಕಾಲೇಜುಗಳಲ್ಲಿ ವರ್ಷಕ್ಕೊಂದು ಜಾತ್ರೆ ನಡೆಯುತ್ತದೆ. ಪ್ರಾಜೆಕ್ಟ್ ಪ್ರದರ್ಶನ ಅಂತ ಅದರ ಹೆಸರು. ನಾಲ್ಕು ಹುಡುಗರದೊಂದು ತಂಡ, ತಂಡಕ್ಕೊಂದು ಮೇಜು, ಮೇಜಿನ ಮೇಲೊಂದು ಯಂತ್ರ. ಗಣ್ಯರು ಟೇಪು ಕತ್ತರಿಸುತ್ತಾರೆ, ಚಕ್ರ ಗರಗರ ತಿರುಗುತ್ತದೆ, ಫೋಟೋ ಆಗುತ್ತದೆ. ಮಾರನೇ ದಿನದಿಂದ ಅದೇ ಯಂತ್ರ ಮೆಟ್ಟಿಲ ಕೆಳಗೆ ಧೂಳು ತಿನ್ನುತ್ತದೆ. ಕೊನೆಗೆ ಗುಜರಿ.

ಕೈಯಾರೆ ಮಾಡಿದ್ದಾದರೆ ಅದೂ ಪರವಾಗಿಲ್ಲ, ಕಲಿತದ್ದಾದರೂ ಉಳಿದೀತು. ಆದರೆ ದೊಡ್ಡ ಪೇಟೆಗಳಲ್ಲಿ ರೆಡಿಮೇಡ್ ಪ್ರಾಜೆಕ್ಟ್ ಮಾರುವ ಅಂಗಡಿಗಳೇ ಇವೆ. ದುಡ್ಡು ಎಣಿಸಿದರೆ ಯಂತ್ರ, ರಿಪೋರ್ಟು, ಪರೀಕ್ಷಕರ ಪ್ರಶ್ನೆಗೆ ಉತ್ತರ ಎಲ್ಲವೂ ಒಂದೇ ಪೊಟ್ಟಣದಲ್ಲಿ. ಅಂಗಡಿಯವರನ್ನು ಬೈದು ಏನು ಫಲ? ಗಿರಾಕಿ ಇದ್ದರೆ ತಾನೆ ವ್ಯಾಪಾರ! ಯಾರಿಗೂ ಬೇಡದ ಯಂತ್ರವನ್ನು ಮಾಡಿ ಅಂದರೆ ಹುಡುಗರು ಕೊಂಡು ತರದೆ ಇನ್ನೇನು ಮಾಡಿಯಾರು?

ಹಿತ್ತಲ ಗಿಡ

ಮೈಸೂರು–ಮಡಿಕೇರಿ ರಸ್ತೆಯನ್ನೇ ನೋಡಿ. ಮೈಸೂರಿನಲ್ಲಿ ಎನ್.ಐ.ಇ. 1946ರಿಂದ ಇದೆ, ಶ್ರೀ ಜಯಚಾಮರಾಜೇಂದ್ರ ಕಾಲೇಜು 1963ರಿಂದ. ಈಚೆಗೆ ಕಾವೇರಿ ದಾಟಿದರೆ ಕುಶಾಲನಗರದಲ್ಲಿ 2007ರಲ್ಲಿ ಶುರುವಾದ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು. ರಸ್ತೆಯ ಎರಡು ಕಡೆಗೂ ಕಾಲೇಜು. ನಡುವೆ ಹುಣಸೂರು, ಪಿರಿಯಾಪಟ್ಟಣ, ಬೈಲಕುಪ್ಪೆ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗೆ ಹುಡುಗರು ವಿಷಯ ಹುಡುಕಿಕೊಂಡು ಬೆಂಗಳೂರಿಗೆ ಓಡುತ್ತಾರೆ. ಬಸ್ಸಿನ ಕಿಟಕಿಯಾಚೆ ಸಾಲಾಗಿ ನಿಂತಿರುವ ಹೊಗೆಸೊಪ್ಪಿನ ಬ್ಯಾರನ್‌ಗಳು ಯಾರ ಕಣ್ಣಿಗೂ ಬೀಳುವುದಿಲ್ಲ.

ಆ ಬ್ಯಾರನ್ ಒಳಗೇನು ನಡೆಯುತ್ತದೆ? ಹಸಿ ಎಲೆ ಹಳದಿಗೆ ತಿರುಗುವ ತನಕ ಸಣ್ಣ ಶಾಖ, ಎಲೆ ಒಣಗಲು ಹೆಚ್ಚು ಶಾಖ, ದಂಟು ಒಣಗಲು ಇನ್ನೂ ಹೆಚ್ಚು. ಸುಮಾರು ಒಂದು ವಾರ ಹಗಲೂ ರಾತ್ರಿ ಸೌದೆ ಒಡ್ಡಬೇಕು. ರೈತ ಒಂದು ಗಳಿಗೆ ಕಣ್ಣು ಮುಚ್ಚಿ ಶಾಖ ಏರುಪೇರಾದರೆ ಬಣ್ಣ ಕೆಟ್ಟಿತು. ಬಣ್ಣ ಕೆಟ್ಟರೆ ಹರಾಜಿನಲ್ಲಿ ರೇಟು ಬಿತ್ತು. ಹೊಗೆಸೊಪ್ಪು ಬೆಳೆಯಬೇಕೋ ಬೇಡವೋ ಅನ್ನುವುದು ಬೇರೆ ಮಾತು. ಬೆಳೆಯುತ್ತಿರುವ ತನಕ ಸುಡುವುದು ನಮ್ಮ ಕಡೆಯ ಮರವನ್ನೇ. ಶಾಖ ತಪ್ಪಿದಾಗ ಮನೆಯೊಳಗೆ ಗಂಟೆ ಬಾರಿಸುವ ಒಂದು ಪೆಟ್ಟಿಗೆ, ಸೌದೆ ಉಳಿಸುವ ಒಂದು ಒಲೆಬಾಯಿ, ಮಾಡಿನಿಂದ ಸೋರುವ ಬಿಸಿಗೆ ಒಂದು ತಡೆ. ಒಂದೊಂದೂ ಒಂದೊಂದು ತಂಡಕ್ಕೆ ವರ್ಷದ ಕೆಲಸ.

ಬೈಲಕುಪ್ಪೆಗೆ ಬನ್ನಿ. 1960ರ ದಶಕದ ಆರಂಭದಲ್ಲಿ ಕಾಡು ಕಡಿದು ನೆಲೆ ನಿಂತ ಟಿಬೆಟನ್ನರ ಹೊಲಗಳಲ್ಲಿ ಮುಸುಕಿನ ಜೋಳವೇ ಮುಖ್ಯ ಬೆಳೆ. ತೆನೆ ಒಣಗಿಸುವ ಹೊತ್ತಿಗೆ ಮಳೆ ಹಿಡಿದರೆ ಬೂಸ್ಟು. ಮಠಗಳ ಅಡುಗೆಮನೆಗಳಲ್ಲಿ ಸಾವಿರಾರು ಭಿಕ್ಷುಗಳಿಗೆ ದಿನವೂ ಬೇಯಬೇಕು. ಕುದಿಯುವ ಹಂಡೆ ಎತ್ತಿಳಿಸುವವರ ಸೊಂಟದ ಪಾಡು ಕೇಳುವವರಿಲ್ಲ. ಸುತ್ತಲಿನ ಶುಂಠಿ ಹೊಲಗಳಲ್ಲಿ ಕಿತ್ತ ಗೆಡ್ಡೆಯ ಮಣ್ಣು ತೊಳೆಯುವುದೇ ಒಂದು ತಲೆನೋವು. ಬೇಕಾದಷ್ಟಿದೆ ಸ್ವಾಮಿ, ವಿಷಯಕ್ಕೆ ಬರವೇ?

ನಾಲ್ವರಲ್ಲಿ ಒಬ್ಬ

ತಂಡ ಅಂದರೂ ಅಷ್ಟೇ. ಒಬ್ಬ ದುಡಿಯುತ್ತಾನೆ, ಮೂವರು ಫೋಟೋಗೆ ನಿಲ್ಲುತ್ತಾರೆ. 2007ರಿಂದ ಮಧ್ಯಪ್ರದೇಶದ ಪೀಥಂಪುರದಲ್ಲಿ ಬಾಹಾ ಎಂಬ ಸ್ಪರ್ಧೆ ಶುರುವಾಯಿತು. ವಿದ್ಯಾರ್ಥಿಗಳೇ ಕಟ್ಟಿದ ಗಾಡಿಯನ್ನು ಕಲ್ಲುಮುಳ್ಳಿನ ದಾರಿಯಲ್ಲಿ ಓಡಿಸಬೇಕು. ಬ್ರೇಕಿಗೆ ಒಬ್ಬ, ಸ್ಟೀರಿಂಗಿಗೆ ಒಬ್ಬ, ವೆಲ್ಡಿಂಗಿಗೆ ಒಬ್ಬ, ಖರ್ಚಿನ ಲೆಕ್ಕಕ್ಕೆ ಇನ್ನೊಬ್ಬ. ಒಬ್ಬ ಕೈ ಕೊಟ್ಟರೆ ಗಾಡಿ ಹಳ್ಳಕ್ಕೆ! ಅಲ್ಲಿ ಸೋಮಾರಿತನ ಅಡಗಿ ಕೂರುವುದಿಲ್ಲ. ಊರಿನ ಕೆಲಸಕ್ಕೂ ಇದೇ ಕಟ್ಟುಪಾಡು ಬರಲಿ.

ದುಡ್ಡೆಲ್ಲಿ ಅನ್ನುವವರಿಗೂ ಉತ್ತರವಿದೆ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977ರಲ್ಲೇ ವಿದ್ಯಾರ್ಥಿ ಪ್ರಾಜೆಕ್ಟ್ ಯೋಜನೆ ತೆರೆಯಿತು. ಕಾಲೇಜುಗಳಿಂದ ಬಂದ ಅರ್ಜಿಗಳಲ್ಲಿ ಒಳ್ಳೆಯವನ್ನು ಆರಿಸಿ ಧನಸಹಾಯ ಕೊಡುತ್ತದೆ. ಅದು ದೊಡ್ಡ ಗಂಟಲ್ಲ, ನಿಜ. ಆದರೆ ಬ್ಯಾರನ್ನಿನ ಗಂಟೆಪೆಟ್ಟಿಗೆಗೆ ದೊಡ್ಡ ಗಂಟು ಬೇಕಾಗಿಯೂ ಇಲ್ಲ.

ಕಾಲ ಸಾಲದು ಅನ್ನುವ ಮೇಷ್ಟರ ಮಾತಿನಲ್ಲಿ ಸತ್ಯವಿದೆ. ಬ್ಯಾರನ್ ಉರಿಯುವುದು ಮಳೆಗಾಲದಲ್ಲಿ, ಜೋಳ ಮುರಿಯುವುದು ಅದರ ಹಿಂದೆಯೇ. ಪರೀಕ್ಷೆ ನಡೆಯುವುದು ಬೇಸಿಗೆಯಲ್ಲಿ. ಹಾಗಾದರೆ ಈ ವರ್ಷದ ತಂಡ ಮಾಡಿದ್ದನ್ನು ಮುಂದಿನ ವರ್ಷದ ತಂಡಕ್ಕೆ ದಾಟಿಸಲಿ. ಮೊದಲ ಯಂತ್ರ ಕೆಡುತ್ತದೆ, ಎರಡನೆಯದು ಕುಂಟುತ್ತದೆ, ಮೂರನೆಯದು ನಡೆಯುತ್ತದೆ. ಕಾರ್ಖಾನೆಗಳಲ್ಲಿ ಆಗುವುದೂ ಇದೇ. ವರ್ಷ ವರ್ಷವೂ ಎಲ್ಲರೂ ಒಂದರಿಂದಲೇ ಎಣಿಸುತ್ತಾ ಕೂತರೆ ಮೂರು ಬರುವುದು ಯಾವಾಗ?

ಕಾಲೇಜುಗಳು ಮಾಡಬೇಕಾದ್ದು ಮೂರೇ ಕೆಲಸ. ವಿಷಯ ಕೇಳಿದವರು ಯಾರು, ಯಾವ ಊರಿನವರು ಅನ್ನುವುದು ರಿಪೋರ್ಟಿನ ಮೊದಲ ಪುಟದಲ್ಲಿರಲಿ. ಪಿರಿಯಾಪಟ್ಟಣದ ಲೇತ್ ಷೆಡ್ಡಿನಲ್ಲೋ ಬೈಲಕುಪ್ಪೆಯ ಟ್ರ್ಯಾಕ್ಟರ್ ಗ್ಯಾರೇಜಿನಲ್ಲೋ ಹುಡುಗರ ಕೈ ಗ್ರೀಸಾಗಲಿ. ಹೇಳಿಕೊಟ್ಟ ಮೇಸ್ತ್ರಿಯ ಹೆಸರೂ ಗೈಡಿನ ಪಕ್ಕದಲ್ಲಿ ಅಚ್ಚಾಗಲಿ. ಮತ್ತೆ, ಅಂಕ ಕೊಡುವ ಮುಂಚೆ ಪರೀಕ್ಷಕರು ಆ ರೈತನನ್ನು ಒಂದೇ ಒಂದು ಮಾತು ಕೇಳಲಿ: "ಇದು ಓಡಿತೇನಪ್ಪಾ?"

ಹೂಂ ಅಂದರೆ ಪಾಸು.