ದೇವರಕಾಡು ‘ಕ್ಲೀನ್’ ಮಾಡುವುದೆಂದರೆ ಏನು ಸ್ವಾಮಿ?

ವಿರಾಜಪೇಟೆ, ಗೋಣಿಕೊಪ್ಪಲು ಕಡೆ ದಿನಾ ಬಸ್ಸಿನಲ್ಲಿ ಹೋಗಿಬರುವವರಿಗೆ ಗೊತ್ತು. ಕಾಫಿ ತೋಟ, ಗದ್ದೆ, ಮತ್ತೆ ಕಾಫಿ ತೋಟ. ನಡುವೆ ಎಲ್ಲೋ ಹಗಲಲ್ಲೂ ಕತ್ತಲೆಗಟ್ಟಿದಂಥ ಮರಗಳ ಗುಂಪು ಕಂಡರೆ ಅದು ದೇವರಕಾಡೇ ಸೈ.

ಕೊಡಗಿನಲ್ಲಿ ಇಂಥವು 1,200ಕ್ಕೂ ಹೆಚ್ಚು. ಲೆಕ್ಕ ಕೇಳಲು ಚೆಂದ. ಆದರೆ ಬಹುಪಾಲು ಐದು ಎಕರೆಗೂ ಕಡಿಮೆ. 1905ರಲ್ಲಿ ಕಂದಾಯ ಇಲಾಖೆಯ ಕೈಗೆ ಹೋದಾಗ 15 ಸಾವಿರ ಎಕರೆಗೂ ಮೇಲಿದ್ದದ್ದು, 1985ರಲ್ಲಿ ಅರಣ್ಯ ಇಲಾಖೆಗೆ ವಾಪಸು ಬರುವ ಹೊತ್ತಿಗೆ 6 ಸಾವಿರ ಎಕರೆಯ ಆಸುಪಾಸಿಗೆ ಇಳಿದಿತ್ತು. ಉಳಿದದ್ದು ಎಲ್ಲಿ ಹೋಯಿತು? ಬೇಲಿ ಸರಿಸಿದವರಿಗೆ ಗೊತ್ತು, ದೇವರಿಗೂ ಗೊತ್ತು.

ಈಗ ಹೊಸ ಹುಮ್ಮಸ್ಸು ಶುರುವಾಗಿದೆ. ಹಬ್ಬ ಹತ್ತಿರ ಬಂದರೆ ಸಾಕು, ಕಾಡು ‘ಕ್ಲೀನ್’ ಮಾಡುತ್ತೇವೆಂದು ಕತ್ತಿ ಹಿಡಿದು ಹೊರಡುತ್ತಾರೆ. ಪೊದೆ ಸವರಿ, ಒಣಮರ ಕೆಡವಿ, ತರಗೆಲೆ ಗುಡಿಸಿ ಬೆಂಕಿ. ಕೆಲವೆಡೆ ಗುಡಿಯ ಸುತ್ತ ಕಾಂಕ್ರೀಟು, ಖಾಲಿ ಜಾಗಕ್ಕೆ ಸಿಲ್ವರ್ ಓಕ್. ಭಕ್ತಿಯ ಬಗ್ಗೆ ನಮ್ಮ ತಕರಾರಿಲ್ಲ. ಕೆಲಸದ ಬಗ್ಗೆ ಇದೆ.

ಪೊದೆ ಅಂತ ಸವರಿದ್ದರಲ್ಲಿ ನಾಳಿನ ಧೂಪ, ಹೆಬ್ಬಲಸು, ನೇರಳೆಯ ಸಸಿಗಳೂ ಇರುತ್ತವೆ. ಮುದಿಮರ ಬಿದ್ದ ದಿನ ಆ ಜಾಗಕ್ಕೆ ಬರಬೇಕಾದವು ಅವೇ. ಒಣಮರದ ಪೊಟರೆಯಲ್ಲಿ ಗೂಬೆ, ಗಿಳಿ, ಜೇನು ಸಂಸಾರ ಹೂಡಿರುತ್ತವೆ. ಮಂಗಟ್ಟೆ ಹಕ್ಕಿಗಂತೂ ಮೊಟ್ಟೆಯಿಡಲು ದೊಡ್ಡ ಮರದ ಪೊಟರೆಯೇ ಬೇಕು. ಹಣ್ಣು ತಿಂದು ಊರೆಲ್ಲ ಬೀಜ ಬಿತ್ತುವ, ಕೂಲಿ ಕೇಳದ ಆಳು ಅದು. ತರಗೆಲೆ ಕೊಳೆತರೆ ಗೊಬ್ಬರ, ಸುಟ್ಟರೆ ಬರೀ ಬೂದಿ.

ಹಾಗಾದರೆ ಕೈಕಟ್ಟಿ ಕೂರಬೇಕೇ? ಅದೂ ಅಲ್ಲ. ಚಿಕ್ಕ ಕಾಡಿಗೆ ಅಂಚೇ ಜಾಸ್ತಿ. ಬಿಸಿಲು, ಗಾಳಿ, ಕಳೆ ಎಲ್ಲ ಅಲ್ಲಿಂದಲೇ ನುಗ್ಗುತ್ತವೆ. ಕೀಳಬೇಕಾದದ್ದು ಲಂಟಾನ, ಯುಪಟೋರಿಯಂ. ಬರೀ ಕಡಿದರೆ ಮತ್ತೆ ಚಿಗುರುತ್ತೆ. ಮಣ್ಣು ಹಸಿಯಿರುವಾಗ, ಬೀಜ ಕಟ್ಟುವ ಮುಂಚೆ, ಬುಡ ಸಮೇತ ಕೀಳಬೇಕು. ಒಂದೇ ಸಲ ಬೋಳು ಮಾಡದೆ ಸ್ವಲ್ಪ ಸ್ವಲ್ಪವೇ ತೆಗೆದು, ತೆರವಾದ ಕಡೆ ಅದೇ ಕಾಡಿನ ಬೀಜದಿಂದ ಎಬ್ಬಿಸಿದ ಸಸಿ ನೆಡಬೇಕು. ಎರಡು ಮೂರು ಮಳೆಗಾಲ ಬಿಡದೆ ಹೋಗಿ ನೋಡಬೇಕು. ಬೇಸಿಗೆಗೆ ಮುಂಚೆ ಹೊರಗಡಿಯಲ್ಲಿ ಬೆಂಕಿರೇಖೆ ತೆಗೆಯಬೇಕು.

ಇದೆಲ್ಲಕ್ಕೂ ಮೊದಲು ಸರ್ವೆ ಮಾಡಿಸಿ ಗಡಿಕಲ್ಲು ನೆಡುವುದು ಸರ್ಕಾರದ ಕೆಲಸ. ಕತ್ತಿ ಎತ್ತುವ ಮುಂಚೆ ಅರಣ್ಯ ಇಲಾಖೆಯನ್ನು ಕೇಳುವುದು ದೇವಸ್ಥಾನ ಸಮಿತಿಯ ಕೆಲಸ.

ಪೇಟೆಯ ಅಂಗಡಿಯವರಿಗೂ ಒಂದು ಮಾತು. ರಾತ್ರಿ ಹೊತ್ತು ರಸ್ತೆ ಬದಿಯ ಕಾಡಿಗೆ ಕಸದ ಮೂಟೆ ಎಸೆಯಬೇಡಿ. ಹಬ್ಬದ ಚಂದಾ ಕೇಳಲು ಬಂದವರನ್ನು ‘ಕಾಂಕ್ರೀಟಿಗೋ, ಕಾಡಿಗೋ?’ ಎಂದು ಕೇಳಿಯೇ ಗಲ್ಲಾಪೆಟ್ಟಿಗೆ ತೆಗೆಯಿರಿ.

ನಮ್ಮ ಹಿರಿಯರು ದೇವರಕಾಡಿನಿಂದ ಒಂದು ಒಣಕಡ್ಡಿ ತರಲೂ ಹೆದರುತ್ತಿದ್ದರು. ಮೂಢನಂಬಿಕೆ ಅಂತ ನಾವು ನಕ್ಕಿದ್ದಾಯಿತು. ಅವರ ಹೆದರಿಕೆ ಉಳಿಸಿಕೊಟ್ಟದ್ದನ್ನು ನಮ್ಮ ಬುದ್ಧಿವಂತಿಕೆ ಕಳೆಯದಿದ್ದರೆ ಸಾಕು.